ಬರ್ಲಿನ್ ಡೈರಿ ನಾಶ ಮಾಡಿದವನು ಅಮೆರಿಕದ ಡೈರಿ ಉಳಿಸಿಕೊಂಡದ್ದು ಯಾಕೆ? (ಇಶರ್‌ವುಡ್ ಓದಿದವರು ಬನ್ನಿ)

ಇರುಳೋದು

ಐದು ತಿಂಗಳಿಂದ ಒಂದೇ ಪುಸ್ತಕ ಹಿಡಿದು ಕೂತಿದ್ದೇನೆ. ಕ್ರಿಸ್ಟೋಫರ್ ಇಶರ್‌ವುಡ್‌ನ ಡೈರಿಗಳ ಮೊದಲ ಸಂಪುಟ. 1939ರಿಂದ 1960ರವರೆಗಿನದು, ಸಾವಿರ ಪುಟಕ್ಕೂ ಜಾಸ್ತಿ. ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ರಾಶಿಯೊಳಗೆ ಸಿಕ್ಕಿತ್ತು. ಮಲಗಿ ಎದೆ ಮೇಲೆ ಇಟ್ಟುಕೊಂಡು ಓದಿದರೆ ಉಸಿರು ಕಟ್ಟುವಷ್ಟು ಭಾರ. "ಇನ್ನೂ ಮುಗಿದಿಲ್ವಾ ಅದು?" ಅಂತ ಮನೆಯವರು ಕೇಳುವುದನ್ನೂ ಬಿಟ್ಟಿದ್ದಾರೆ.

ಗೊತ್ತಿಲ್ಲದವರಿಗೆ ನಾಲ್ಕು ಮಾತು. ಇವನು ಇಂಗ್ಲಿಷ್ ಕಾದಂಬರಿಕಾರ, 1904ರಲ್ಲಿ ಇಂಗ್ಲೆಂಡಿನ ಚೆಷೈರ್‌ನಲ್ಲಿ ಹುಟ್ಟಿದ. 1929ರಲ್ಲಿ ಬರ್ಲಿನ್‌ಗೆ ಹೋದ. ಹಿಟ್ಲರ್ ಬಂದ ಮೇಲೆ ಅಲ್ಲಿಂದ ಹೊರಟ. ಯೂರೋಪಿನಲ್ಲಿ ಊರೂರು ಅಲೆದು, ಕವಿ ಗೆಳೆಯ ಆಡೆನ್ ಜೊತೆ ಚೀನಾ ಯುದ್ಧ ನೋಡಿ ಬಂದು, 1939ರ ಜನವರಿಯಲ್ಲಿ ಅಮೆರಿಕಕ್ಕೆ ಹೋದವನು ಅಲ್ಲೇ ಉಳಿದ. 1946ರಲ್ಲಿ ಅಲ್ಲಿನ ಪ್ರಜೆಯಾದ. 1986ರಲ್ಲಿ ಸಾಂಟಾ ಮೋನಿಕಾದ ಮನೆಯಲ್ಲಿ ತೀರಿಕೊಂಡ.

ನನ್ನ ತಲೆ ಕೊರೆಯುತ್ತಿರುವುದು ಒಂದೇ ವಿಷಯ. ಬರ್ಲಿನ್‌ನಲ್ಲೂ ಇವನು ಡೈರಿ ಬರೆಯುತ್ತಿದ್ದ. ಇವನ ಹೆಸರು ಉಳಿಸಿದ ಎರಡು ಪುಸ್ತಕ, 1935ರ 'ಮಿಸ್ಟರ್ ನಾರಿಸ್ ಚೇಂಜಸ್ ಟ್ರೇನ್ಸ್' ಮತ್ತು 1939ರ 'ಗುಡ್‌ಬೈ ಟು ಬರ್ಲಿನ್', ಆ ದಿನಗಳಿಂದಲೇ ಹುಟ್ಟಿದವು. ನಾನೊಂದು ಕ್ಯಾಮೆರಾ ಅಂತ ಎರಡನೆಯದರಲ್ಲಿ ಹೇಳಿಕೊಂಡ. ಕತೆ ಬರೆದು ಮುಗಿದ ಮೇಲೆ ಡೈರಿಯನ್ನೇ ಇಲ್ಲವಾಗಿಸಿದ. ಫೋಟೋ ಇಟ್ಟುಕೊಂಡು ನೆಗೆಟಿವ್ ಎಸೆದ ಹಾಗೆ. ಅದೇ ಮನುಷ್ಯ ಅಮೆರಿಕಕ್ಕೆ ಹೋದ ಮೇಲೆ 1983ರವರೆಗೆ ಬರೆದದ್ದನ್ನು ಜೋಪಾನ ಮಾಡಿದ. ಕುಡಿದ ಮಾರನೇ ದಿನದ ತಲೆನೋವು, ಜಗಳ, ಹೊಟ್ಟೆಕಿಚ್ಚು, ಧ್ಯಾನ ತಪ್ಪಿಸಿದ್ದು, ಎಲ್ಲ ಇದೆ. ನಡುವೆ ಏನು ಬದಲಾಯಿತು?

ಸುಮ್ನೆ ಓದ್ತೀನಿ

ಐದೇ ತಿಂಗಳಲ್ಲಿ ಏಕವಚನಕ್ಕೆ ಬಂದುಬಿಟ್ಟಿರಾ ಸರ್! ನನಗೆ ಗೊತ್ತಿರುವುದು 'ಕ್ಯಾಬರೆ' ಸಿನಿಮಾ ಮಾತ್ರ. ಲೀಜಾ ಮಿನೆಲಿ ಇರುವುದು, 1972ರದ್ದು. ಅದು ಇವರ ಕತೆಯೇ ಅಲ್ವಾ?

ಇರುಳೋದು

ಡೈರಿ ಓದಿದರೆ ಏಕವಚನ ತಾನಾಗಿ ಬರುತ್ತದೆ ರೀ. ಒಬ್ಬರ ಹೊಟ್ಟೆ ಕೆಟ್ಟದ್ದೂ ಗೊತ್ತಾದ ಮೇಲೆ ಬಹುವಚನ ಬಾಯಿಗೆ ಬರಲ್ಲ.

ಹೌದು, ಅದೇ ಕತೆ. ಆದರೆ ಮೂರು ಕೈ ದಾಟಿದ್ದು. ಪುಸ್ತಕದಿಂದ 1951ರಲ್ಲಿ ಒಂದು ನಾಟಕ, ಅದರಿಂದ 1966ರಲ್ಲಿ ಹಾಡು ಕುಣಿತದ ನಾಟಕ, ಅದರಿಂದ ಸಿನಿಮಾ.

ಡೈರಿಯ ಚಟ ಇವನ ಮನೆಯಲ್ಲೇ ಇತ್ತು. ಅಮ್ಮ ಕ್ಯಾಥ್ಲೀನ್ ವರ್ಷಗಟ್ಟಲೆ ದಿನಚರಿ ಬರೆದವಳು. ಅಪ್ಪ ಫ್ರಾಂಕ್ ಸೈನ್ಯದ ಅಧಿಕಾರಿ. 1915ರ ಮೇ ತಿಂಗಳಲ್ಲಿ ಬೆಲ್ಜಿಯಂನ ಈಪ್ರ್ ಹತ್ತಿರ ಯುದ್ಧದಲ್ಲಿ ಸತ್ತ. ಮಗನಿಗೆ ಆಗ ಹತ್ತು ವರ್ಷ. ಆಮೇಲೆ ಶಾಲೆಯಲ್ಲಿ ಏನು ಮಾಡಿದರೂ ವೀರ ತಂದೆಯ ಹೆಸರು ಎತ್ತಿ ಬುದ್ಧಿ ಹೇಳುವುದು. ಸತ್ತ ಅಪ್ಪನನ್ನು ದೊಡ್ಡವರೆಲ್ಲ ಸೇರಿ ಒಂದು ಬೆತ್ತ ಮಾಡಿಬಿಟ್ಟರು. ಅಧಿಕಾರ, ದೇಶ, ಚರ್ಚು ಅಂದರೆ ಇವನು ಸಿಡಿಯುತ್ತಿದ್ದದ್ದು ಅಲ್ಲಿಂದಲೇ ಅನ್ನಿಸುತ್ತದೆ. 1925ರಲ್ಲಿ ಕೇಂಬ್ರಿಜ್ ಪರೀಕ್ಷೆಗೆ ಬೇಕಂತಲೇ ತಮಾಷೆಯ ಉತ್ತರ ಬರೆದು ಡಿಗ್ರಿ ಇಲ್ಲದೆ ಹೊರಬಿದ್ದ.

ಮನೆತನ ಸಣ್ಣದಲ್ಲ. 1649ರಲ್ಲಿ ಇಂಗ್ಲೆಂಡಿನ ರಾಜ ಮೊದಲನೇ ಚಾರ್ಲ್ಸ್‌ನ ವಿಚಾರಣೆ ನಡೆಸಿ ಮರಣದಂಡನೆ ಕೊಟ್ಟ ಜಾನ್ ಬ್ರಾಡ್‌ಷಾ ಇವರ ವಂಶದವನು. 1940ರಲ್ಲಿ ದೊಡ್ಡಪ್ಪ ಸತ್ತಾಗ ಆಸ್ತಿ ಇವನ ಪಾಲಿಗೆ ಬಂತು. ಅಷ್ಟನ್ನೂ ತಮ್ಮನಿಗೆ ಬಿಟ್ಟುಕೊಟ್ಟ. ನಾವು ಅರ್ಧ ಗುಂಟೆಗೆ ಕೋರ್ಟು ಹತ್ತುವ ಜನ, ಈ ಪುಟ ನಾನು ಎರಡು ಸಲ ಓದಿದೆ.

ಬರ್ಲಿನ್ ಬಾಳೆಹಣ್ಣು

ಬರ್ಲಿನ್‌ನಲ್ಲೇ ಇದ್ದೇನೆ, ಆರು ವರ್ಷ ಆಯ್ತು. ಅವರು ಬಾಡಿಗೆಗೆ ಇದ್ದ ನೋಲೆನ್‌ಡಾರ್ಫ್ ಬೀದಿಯ 17ನೇ ನಂಬರ್ ಮನೆ ಈಗಲೂ ಇದೆ. ಗೋಡೆಗೆ ಫಲಕ ಹಾಕಿದ್ದಾರೆ. ತರಕಾರಿ ತರಲು ಆ ಕಡೆ ಹೋದಾಗ ಒಮ್ಮೆ ತಲೆಯೆತ್ತಿ ನೋಡುತ್ತೇನೆ.

ಮನೆಯೊಡತಿ ಫ್ರಾಯ್ಲೈನ್ ಥೂರಾವ್. ಪುಸ್ತಕದಲ್ಲಿ ಶ್ರೋಡರ್ ಅಂತ ಹೆಸರು ಬದಲಾಗಿದೆ. ಹಣ ಕಳೆದುಕೊಂಡು ಮನೆಯ ಕೋಣೆಗಳನ್ನೆಲ್ಲ ಬಾಡಿಗೆಗೆ ಕೊಟ್ಟ ಹೆಂಗಸು. ನಮ್ಮ ಹೀರೋ ಅಲ್ಲಿದ್ದುಕೊಂಡು ಇಂಗ್ಲಿಷ್ ಪಾಠ ಹೇಳಿ ದಿನ ದೂಡುತ್ತಿದ್ದರು.

ಡೈರಿ ಯಾಕೆ ನಾಶ ಮಾಡಿದರು ಅನ್ನುವುದಕ್ಕೆ ಇಲ್ಲಿಂದ ನೋಡಿದರೆ ಉತ್ತರ ಸುಲಭ. ಅವರು ಸಲಿಂಗಿ. ಬರ್ಲಿನ್‌ಗೆ ಬಂದದ್ದೂ ಅದಕ್ಕೇ. ಜರ್ಮನಿಯಲ್ಲಿ 175ನೇ ಕಲಂ ಇತ್ತು, ಇಂಗ್ಲೆಂಡಿನಲ್ಲೂ ಅದು ಅಪರಾಧ. ಡೈರಿ ತುಂಬ ಜನರ ಹೆಸರು, ಖಾಸಗಿ ವಿವರ. ಅದು ಪೊಲೀಸರ ಕೈಗೆ ಸಿಕ್ಕರೆ ಗತಿಯೇನು ಅಂತ ಹೆದರಿದ್ದೆ ಅಂತ ಮುಂದೆ ಅವರೇ ಬರೆದುಕೊಂಡಿದ್ದಾರೆ. ಹೆದರಿಕೆ ಸುಮ್ಸುಮ್ನೆ ಅಲ್ಲ. ಅವರು ಬಂದ ಹೊಸತರಲ್ಲಿ ಇದ್ದದ್ದು ಮಾಗ್ನುಸ್ ಹಿರ್ಷ್‌ಫೆಲ್ಡ್ ಅವರ ಲೈಂಗಿಕ ವಿಜ್ಞಾನ ಸಂಸ್ಥೆಯ ಪಕ್ಕದಲ್ಲೇ. 1933ರ ಮೇ 6ರಂದು ನಾಜಿ ಹುಡುಗರು ಆ ಸಂಸ್ಥೆಗೆ ನುಗ್ಗಿದರು. 10ರ ರಾತ್ರಿ ಅಲ್ಲಿನ ಪುಸ್ತಕಗಳೂ ಬೀದಿಯಲ್ಲಿ ಬೆಂಕಿಗೆ ಬಿದ್ದವು. ಇಶರ್‌ವುಡ್ ಅದನ್ನು ನಿಂತು ನೋಡಿದರು. ನಾಚಿಕೆಗೇಡು ಅಂತ ಬಾಯಿಬಿಟ್ಟು ಹೇಳಿದರು, ಆದರೆ ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಲಿಲ್ಲ ಅನ್ನುವುದನ್ನೂ ಅವರೇ ಹೇಳಿಕೊಂಡದ್ದು. ಅದೇ ತಿಂಗಳು ಊರು ಬಿಟ್ಟರು.

ಗೋಧೂಳಿ

ಪೊಲೀಸರ ಭಯ ಒಪ್ಪಿದೆ. ಆದರೆ ಅರ್ಧ ಮಾತ್ರ ಹೇಳಿದಿರಿ. ಅವನೇ ತನ್ನ ಬಗ್ಗೆ ಬರೆದ 1976ರ 'ಕ್ರಿಸ್ಟೋಫರ್ ಅಂಡ್ ಹಿಸ್ ಕೈಂಡ್' ಪುಸ್ತಕದಲ್ಲಿ ಇನ್ನೊಂದು ಕಾರಣವೂ ಇದೆ. ನಿಜವಾಗಿ ನಡೆದದ್ದಕ್ಕಿಂತ ತಾನು ಕಟ್ಟಿದ ಕತೆಯೇ ಅವನಿಗೆ ಹೆಚ್ಚು ಇಷ್ಟವಾಗಿತ್ತು. ಕತೆ ಸರಳ, ತನಗೆ ಮರ್ಯಾದೆ ತರುವಂಥದ್ದು, ರೋಚಕ. ನಿಜ ಉಳಿದರೆ ಕತೆಗೆ ಅಡ್ಡಿ.

ಅದರ ಬೆಲೆ ಕೊಟ್ಟದ್ದು ಜೀನ್ ರಾಸ್. 'ಕ್ಯಾಬರೆ'ಯ ಸ್ಯಾಲಿ ಬೌಲ್ಸ್‌ಗೆ ಮೂಲ ಇವಳೇ. ಬೌಲ್ಸ್ ಅನ್ನುವ ಹೆಸರು ಮಾತ್ರ ಬರ್ಲಿನ್‌ನಲ್ಲಿ ಸಿಕ್ಕಿದ್ದ ಅಮೆರಿಕನ್ ಹುಡುಗ ಪಾಲ್ ಬೌಲ್ಸ್‌ನದ್ದು. ಅವನೂ ಮುಂದೆ ಲೇಖಕನಾದ. ಜೀನ್ ರಾಸ್ ಆಮೇಲೆ ಕಮ್ಯುನಿಸ್ಟ್ ಆದಳು, ಸ್ಪೇನಿನ ಅಂತರ್ಯುದ್ಧಕ್ಕೆ ವರದಿಗಾರ್ತಿಯಾಗಿ ಹೋದಳು. ಆದರೆ ಲೋಕಕ್ಕೆ ಅವಳು ಯಾರು? ಹಸಿರು ಉಗುರುಬಣ್ಣದ, ರಾಜಕೀಯದ ಗಂಧಗಾಳಿ ಇಲ್ಲದ ಪೆದ್ದು ಹಾಡುಗಾರ್ತಿ. 1973ರಲ್ಲಿ ಸಾಯುವವರೆಗೂ ಪತ್ರಕರ್ತರು ಸ್ಯಾಲಿ ಬಗ್ಗೆ ಕೇಳುವುದು ಬಿಡಲಿಲ್ಲ. ಕ್ಯಾಮೆರಾ ಅಂತೆ ಕ್ಯಾಮೆರಾ.

ಕರಾವಳಿ ಕಾಫಿ

ಅದೆಲ್ಲ ಸರಿ ಮಾರಾಯ್ರೆ, ಯುದ್ಧ ಬಂದಾಗ ಊರು ಬಿಟ್ಟು ಓಡಿದವ ಅಂತ ಇವನನ್ನು ಬೈದದ್ದು ಉಂಟಲ್ಲ? ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಇದೊಂದೇ ಕಾರಣಕ್ಕೆ ಇವನ ಹೆಸರು ಎತ್ತಲು ಬಿಡುತ್ತಿರಲಿಲ್ಲ.

ಇರುಳೋದು

ಬೈದದ್ದು ಹೌದು. 1940ರ ಜೂನ್‌ನಲ್ಲಿ ಬ್ರಿಟಿಷ್ ಸಂಸತ್ತಿನಲ್ಲೇ ಪ್ರಶ್ನೆ ಬಂತು. ಆಡೆನ್, ಇಶರ್‌ವುಡ್ ತರಹದವರನ್ನು ವಾಪಸ್ ಕರೆಸುತ್ತೀರಾ ಅಂತ. ತಮಾಷೆ ಏನೆಂದರೆ, ಉತ್ತರ ಕೊಡಲು ಎದ್ದವರು ಆಡೆನ್ ಅನ್ನುವುದನ್ನು ಟೆನಿಸ್ ಆಟಗಾರ ಆಸ್ಟಿನ್ ಅಂದುಕೊಂಡು ಅವನ ಬಗ್ಗೆ ಹೇಳಿದರು.

ಆದರೆ ಇವನು ಹೊರಟದ್ದು ಯುದ್ಧ ಶುರುವಾಗುವ ಎಂಟು ತಿಂಗಳು ಮೊದಲು. ಬಂದೂಕು ಹಿಡಿಯಲ್ಲ ಅಂದದ್ದಕ್ಕೆ ಒಂದು ಮುಖವೂ ಇದೆ, ಹೈಂಟ್ಸ್‌ನದು. ಬರ್ಲಿನ್‌ನಲ್ಲಿ ಪ್ರೀತಿಸಿದ ಹುಡುಗ. ಇಬ್ಬರೂ 1933ರಿಂದ ಗ್ರೀಸ್, ಕ್ಯಾನರಿ ದ್ವೀಪ, ಹಾಲೆಂಡ್, ಪೋರ್ಚುಗಲ್ ಅಂತ ಅಲೆದರು. ಒಂದು ಕಡೆ ವೀಸಾ ಮುಗಿದರೆ ಇನ್ನೊಂದು ದೇಶ. 1934ರ ಜನವರಿಯಲ್ಲಿ ಇಂಗ್ಲೆಂಡಿಗೆ ಕರೆತರಲು ನೋಡಿದರೆ ಹಾರ್ವಿಚ್ ಬಂದರಿನಿಂದಲೇ ಹಿಂದಕ್ಕೆ ಕಳಿಸಿದರು. 1937ರಲ್ಲಿ ಹೈಂಟ್ಸ್ ಜರ್ಮನಿಯೊಳಗೆ ಕಾಲಿಟ್ಟಾಗ ಗೆಸ್ಟಾಪೊ ಹಿಡಿದುಕೊಂಡಿತು. ಜೈಲು, ಆಮೇಲೆ ಕೂಲಿ ಕೆಲಸ, ಆಮೇಲೆ ಸೈನ್ಯ. ತಾನು ಗುಂಡು ಹಾರಿಸಬೇಕಾದ ಸೈನ್ಯದಲ್ಲಿ ಹೈಂಟ್ಸ್ ಇದ್ದಾನೆ. ಅವನ ಮೇಲೆ ಗುಂಡು ಹಾರಿಸಲ್ಲ ಅಂದಮೇಲೆ ಬೇರೆ ಯಾರದೋ ಹೈಂಟ್ಸ್ ಮೇಲೆ ಹೇಗೆ ಹಾರಿಸುವುದು? ಇವನ ತರ್ಕ ಇಷ್ಟೇ.

ಸುಮ್ಮನೆ ಕೂರಲೂ ಇಲ್ಲ. 1941ರಲ್ಲಿ ಪೆನ್ಸಿಲ್ವೇನಿಯಾದ ಹ್ಯಾವರ್‌ಫರ್ಡ್‌ಗೆ ಹೋಗಿ, ಕ್ವೇಕರ್ ಪಂಥದವರು ಯೂರೋಪಿನ ನಿರಾಶ್ರಿತರಿಗೆ ನಡೆಸುತ್ತಿದ್ದ ಹಾಸ್ಟೆಲಿನಲ್ಲಿ ಕೆಲಸ ಮಾಡಿದ.

ಕರಾವಳಿ ಕಾಫಿ

ಹೈಂಟ್ಸ್ ಏನಾದ?

ಬರ್ಲಿನ್ ಬಾಳೆಹಣ್ಣು

ಬದುಕಿ ಉಳಿದ. ಮದುವೆಯಾಗಿ ಮಗನೂ ಹುಟ್ಟಿದ.

ಒಂಟಿಕೊಪ್ಪಲು

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಸ್ವಾಮಿಗಳ ವಿಷಯ ಯಾರೂ ಎತ್ತಲೇ ಇಲ್ಲವಲ್ಲ! ನಾನು ಇಶರ್‌ವುಡ್ ಅವರನ್ನು ಕಂಡದ್ದೇ ಆ ಬಾಗಿಲಿನಿಂದ. ಮೈಸೂರಿನ ನಮ್ಮ ಮನೆಯಲ್ಲಿ ಅವರ ಗೀತೆಯ ಇಂಗ್ಲಿಷ್ ಅನುವಾದ ಇತ್ತು. ತಾತ ಓದುತ್ತಿದ್ದದ್ದು. 'ಬರ್ಲಿನ್' ಬರೆದವರೂ ಇವರೇ ಅಂತ ತಾತನಿಗೆ ಗೊತ್ತಿತ್ತೋ ಇಲ್ಲವೋ.

1939ರ ಜುಲೈನಲ್ಲಿ ಹಾಲಿವುಡ್‌ನಲ್ಲಿ ಸ್ವಾಮಿ ಪ್ರಭವಾನಂದರನ್ನು ಭೇಟಿಯಾದರು. ರಾಮಕೃಷ್ಣ ಮಠದವರು, ಬ್ರಹ್ಮಾನಂದರ ಶಿಷ್ಯರು. ಚರ್ಚಿನ ಹೆಸರು ಕೇಳಿದರೆ ಉರಿದುಬೀಳುತ್ತಿದ್ದ ಮನುಷ್ಯ, ದೇವರು ಅನ್ನುವ ಪದವೇ ಆಗದವರು. ಮೊದಲಿಗೇ ಒಂದು ಪ್ರಶ್ನೆ ಕೇಳಿದರು. ನಾನು ಗಂಡಸಿನ ಜೊತೆ ಬಾಳುವವನು, ಹಾಗಿದ್ದೂ ಈ ದಾರಿಯಲ್ಲಿ ಬರಬಹುದಾ? ಸ್ವಾಮಿಗಳು ಬೆಚ್ಚಲಿಲ್ಲ. ಆ ಹುಡುಗನಲ್ಲಿ ಬಾಲಕೃಷ್ಣನನ್ನು ಕಾಣಲು ನೋಡು ಅಂದರು. ಮರು ವರ್ಷ ದೀಕ್ಷೆ ಕೊಟ್ಟರು. 1943ರಿಂದ 45ರವರೆಗೆ ಇಶರ್‌ವುಡ್ ಆಶ್ರಮದಲ್ಲೇ ಇದ್ದರು, ಸನ್ಯಾಸಿಯಾಗುವ ಯೋಚನೆಯಲ್ಲಿ. ಆಗಲಿಲ್ಲ. ಮತ್ತೆ ಪ್ರೀತಿ, ಪಾರ್ಟಿ, ಕುಡಿತ. ಆಶ್ರಮ ಬಿಟ್ಟರು. ಗುರುವನ್ನು ಬಿಡಲಿಲ್ಲ. 1976ರಲ್ಲಿ ಪ್ರಭವಾನಂದರು ತೀರಿಕೊಳ್ಳುವವರೆಗೆ ಮೂವತ್ತೇಳು ವರ್ಷ.

ಕುವೆಂಪು ಮೈಸೂರಿನ ಆಶ್ರಮದಲ್ಲಿ ವರ್ಷಗಟ್ಟಲೆ ಇದ್ದದ್ದು ನಮಗೆಲ್ಲ ಗೊತ್ತು. ಅವರೂ ರಾಮಕೃಷ್ಣರ ಜೀವನಚರಿತ್ರೆ ಬರೆದರು, ಇವರೂ 1965ರಲ್ಲಿ ಬರೆದರು. ಇಬ್ಬರಿಗೂ ಏನೇನೂ ಹೋಲಿಕೆ ಇಲ್ಲ, ಆದರೂ ಒಂದೇ ಮಠದ ಎರಡು ಶಾಖೆಯ ಜಗುಲಿಯಲ್ಲಿ ಇಬ್ಬರೂ ಕೂತಿದ್ದರಲ್ಲ ಅಂತ ನನಗೆ ಯಾವಾಗಲೂ ಖುಷಿ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಬರ್ಲಿನ್‌ನಲ್ಲಿ ಬರೆದದ್ದನ್ನು ಮುಚ್ಚಿಡಬೇಕಿತ್ತು. ಹಾಲಿವುಡ್‌ನಲ್ಲಿ ಎಲ್ಲ ಗೊತ್ತಿದ್ದೂ ಬಾಗಿಲು ಹಾಕದ ಒಬ್ಬರು ಸಿಕ್ಕರು. ಅಂಥವರು ಸಿಕ್ಕ ಮೇಲೆ ಕಾಗದಕ್ಕೆ ಹೆದರುವುದು ಏನಿದೆ?

ಸುಮ್ನೆ ಓದ್ತೀನಿ

ಹಾಲಿವುಡ್‌ನಲ್ಲಿ ಆಶ್ರಮ! ಬೆಳಿಗ್ಗೆ ಜಪ, ಮಧ್ಯಾಹ್ನ ಸ್ಟುಡಿಯೋ?

ಪ್ಯಾಸಡೀನಾ ಪುಳಿಯೋಗರೆ

ಹೆಚ್ಚುಕಡಿಮೆ ಹಾಗೇ! ಸಿನಿಮಾಕ್ಕೆ ಚಿತ್ರಕತೆ ಬರೆದೇ ಅವರ ಹೊಟ್ಟೆ ತುಂಬುತ್ತಿದ್ದದ್ದು, ಎಂಜಿಎಂಗೂ ಬರೆದಿದ್ದಾರೆ. ಆ ಮಂದಿರಕ್ಕೆ ನಾವು ಹೋಗಿ ಬರುತ್ತೇವೆ. 1938ರಲ್ಲಿ ಕಟ್ಟಿದ್ದು, ಬಿಳೀ ಗುಮ್ಮಟಗಳು, ಪುಟ್ಟದು. ಪಕ್ಕದಲ್ಲೇ ಹೆದ್ದಾರಿಯ ಭೋರ್ಗರೆತ. ಕಣ್ಣು ಮುಚ್ಚಿ ಕೂತರೆ ಲಾರಿ ಸದ್ದೇ ಓಂಕಾರ. ಅಂದಹಾಗೆ ಆ ಜಾಗ ಕೊಟ್ಟ ಹೆಂಗಸು, 1900ರಲ್ಲಿ ವಿವೇಕಾನಂದರು ಸೌತ್ ಪ್ಯಾಸಡೀನಾದಲ್ಲಿ ಉಳಿದುಕೊಂಡಿದ್ದ ಮನೆಯ ಮೂವರು ಅಕ್ಕತಂಗಿಯರಲ್ಲಿ ಒಬ್ಬರು.

ಗೋಧೂಳಿ

ಒಂಟಿಕೊಪ್ಪಲು ಅವರೇ, ಚೆನ್ನಾಗಿ ಹೇಳಿದಿರಿ. ಆದರೂ ಗುರುಕೃಪೆಗೆ ಪೂರ್ತಿ ಅಂಕ ಕೊಡಲಾರೆ. ಬರೆದಿಟ್ಟದ್ದು ಹೌದು, ಹೊರಗೆ ಬಿಟ್ಟದ್ದು ಯಾವಾಗ? ಇಂಗ್ಲೆಂಡಿನಲ್ಲಿ ಕಾನೂನು ಬದಲಾದದ್ದು 1967ರಲ್ಲಿ. ಇವನು ತನ್ನ ಬಗ್ಗೆ ಬಿಚ್ಚಿ ಬರೆದದ್ದು 1971ರಲ್ಲಿ, 1976ರಲ್ಲಿ. ಈ ದಪ್ಪ ಡೈರಿ ಅಚ್ಚಾದದ್ದು 1996ರಲ್ಲಿ, ಸತ್ತು ಹತ್ತು ವರ್ಷಕ್ಕೆ. ಗುರು ಮನಸ್ಸಿಗೆ ಧೈರ್ಯ ಕೊಟ್ಟಿರಬಹುದು. ಅಚ್ಚಿಗೆ ಧೈರ್ಯ ಕೊಟ್ಟದ್ದು ಬೀದಿಗಿಳಿದು ಹೋರಾಡಿದವರು.

ಇನ್ನೊಂದು. ಆ ಡೈರಿಗಳಲ್ಲಿ ಯೆಹೂದಿಗಳ ಬಗ್ಗೆ, ಹೆಂಗಸರ ಬಗ್ಗೆ ಇರುವ ಮಾತು ಓದಿದ್ದೀರಾ? ನಾಜಿಗಳನ್ನು ಕಣ್ಣಾರೆ ಕಂಡವನು! ಆ ಸಾಲುಗಳು ಬಂದಾಗ ನಾನು ಪುಸ್ತಕ ಮುಚ್ಚಿಟ್ಟು ಎರಡು ವಾರ ಮುಟ್ಟಲಿಲ್ಲ.

ಒಂಟಿಕೊಪ್ಪಲು

ಒಪ್ಪಿದೆ ಮೇಡಂ. ಮಠದ ವಿಷಯದಲ್ಲೂ ಗೊಣಗಾಟ ಕಮ್ಮಿ ಇಲ್ಲ. 1963ರ ಡಿಸೆಂಬರ್‌ನಲ್ಲಿ ವಿವೇಕಾನಂದರ ಜನ್ಮಶತಾಬ್ದಿಗೆ ಗುರುಗಳ ಜೊತೆ ಬೇಲೂರು ಮಠಕ್ಕೆ ಬಂದರು (ನಮ್ಮ ಹಾಸನದ ಬೇಲೂರಲ್ಲ, ಕಲ್ಕತ್ತದ್ದು). ಭಾಷಣದ ಮೇಲೆ ಭಾಷಣ. ತಾನು ಇಲ್ಲಿ ಭಕ್ತನ ವೇಷ ಹಾಕಿ ಕೂತಿದ್ದೇನೆ ಅನ್ನುವ ಸಂಕಟ. ಆ ಸಂಕಟದಿಂದ 1967ರಲ್ಲಿ ಗಂಗೆಯ ದಡದ ಮಠದ ಒಂದು ಕಾದಂಬರಿ ಬಂತು. ಅಣ್ಣತಮ್ಮಂದಿರ ಕತೆ, ಒಬ್ಬ ಸನ್ಯಾಸಿಯಾಗಲು ಹೊರಟಿದ್ದಾನೆ, ಇನ್ನೊಬ್ಬ ತಡೆಯಲು ಬಂದಿದ್ದಾನೆ. ನನಗೇನೋ ಇಬ್ಬರೂ ಅವರೇ ಅನ್ನಿಸಿತು.

ಇರುಳೋದು

ಗೋಧೂಳಿಯವರೇ, ಆ ಸಾಲುಗಳಿಗೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ, ಕೊಡುವುದೂ ಇಲ್ಲ. ಅವು ನಮಗೆ ಸಿಕ್ಕಿದ್ದು ಇವನು ಅವನ್ನು ಹರಿದು ಹಾಕಲಿಲ್ಲ ಅನ್ನುವ ಕಾರಣಕ್ಕೆ. 1939ರ ಇಶರ್‌ವುಡ್ ಆಗಿದ್ದರೆ ಕತೆ ಮಾಡಿ, ಚಂದ ಮಾಡಿ, ಮೂಲ ಎಸೆಯುತ್ತಿದ್ದ.

ಎಸೆದದ್ದಕ್ಕೆ ಶಿಕ್ಷೆಯೂ ಆಯ್ತು ಅನ್ನಿ. 1976ರ ಪುಸ್ತಕ ಬರೆಯಲು ಕೂತಾಗ ಬರ್ಲಿನ್ ದಿನಗಳ ಲೆಕ್ಕವೇ ಸಿಗಲಿಲ್ಲ. ಯಾವ ತಿಂಗಳು ಎಲ್ಲಿದ್ದೆ ಅಂತ ನೋಡಲು ಕೊನೆಗೆ ಅಮ್ಮನ ಡೈರಿ ತೆಗೆಯಬೇಕಾಯಿತು! ಯಾವ ಅಮ್ಮನಿಂದ ದೂರ ಓಡಲು ಬರ್ಲಿನ್‌ಗೆ ಹೋದನೋ ಅವಳ ಡೈರಿ. ಕ್ಯಾಥ್ಲೀನ್ 1960ರಲ್ಲೇ ತೀರಿಕೊಂಡಿದ್ದಳು. ಅವಳ ಡೈರಿ, ಅಪ್ಪನ ಪತ್ರ ಸೇರಿಸಿ 1971ರಲ್ಲಿ ಅಪ್ಪ ಅಮ್ಮನ ಬಗ್ಗೆಯೇ ಒಂದು ಪುಸ್ತಕ ಮಾಡಿದ. ಮೇಷ್ಟ್ರುಗಳ ವೀರ ತಂದೆ ಹೋಗಿ, ನಿಜವಾದ ಫ್ರಾಂಕ್ ಆಗ ಸಿಕ್ಕ.

1945ರಿಂದ 51ರವರೆಗೆ ಇವನು ಡೈರಿ ಸರಿಯಾಗಿ ಬರೆದಿರಲಿಲ್ಲ. 1971ರಲ್ಲಿ ಕೂತು ಆ ವರ್ಷಗಳನ್ನೂ ನೆನಪು ಮಾಡಿಕೊಂಡು ಬರೆಯಲು ಶುರುಮಾಡಿದ, ತನ್ನನ್ನೇ 'ಕ್ರಿಸ್ಟೋಫರ್' ಅಂತ ಬೇರೆಯವನ ಹಾಗೆ ಕರೆದುಕೊಂಡು. ಅದು 2000ದಲ್ಲಿ ಅಚ್ಚಾಯಿತು. ನಲವತ್ತರ ಕ್ರಿಸ್ಟೋಫರ್‌ನನ್ನು ಅರವತ್ತೇಳರವನು ಕೂರಿಸಿ ವಿಚಾರಣೆ ಮಾಡಿದ ಹಾಗಿದೆ. ವಂಶದಲ್ಲೇ ಇದೆಯಲ್ಲ ವಿಚಾರಣೆ.

ಸುಮ್ನೆ ಓದ್ತೀನಿ

ಇವರ ಸಂಗಾತಿ ಡಾನ್ ಬಗ್ಗೆ ಯಾರಾದರೂ ಹೇಳಿ. ಡೇವಿಡ್ ಹಾಕ್ನಿ ಬರೆದ ಚಿತ್ರದಲ್ಲಿ ಇಬ್ಬರೂ ಕುರ್ಚಿಯಲ್ಲಿ ಕೂತಿರುವುದು ನೋಡಿದ್ದೇನೆ.

ಗೋಧೂಳಿ

ಡಾನ್ ಬಕಾರ್ಡಿ. 1953ರ ಫೆಬ್ರವರಿಯಲ್ಲಿ ಜೊತೆಯಾದಾಗ ಅವನಿಗೆ 18, ಇವನಿಗೆ 48. ಊರೆಲ್ಲ ಆಡಿಕೊಂಡಿತು. ಜಗಳ, ಬಿಟ್ಟುಹೋಗುವುದು, ವಾಪಸ್ ಬರುವುದು, ಹೀಗೇ 33 ವರ್ಷ. 1964ರ 'ಎ ಸಿಂಗಲ್ ಮ್ಯಾನ್' ಬಂದದ್ದು ಡಾನ್ ಹೋಗೇಬಿಟ್ಟರೆ ಅನ್ನುವ ಹೆದರಿಕೆಯ ಕಾಲದಲ್ಲಿ. ಒಂದೇ ದಿನದ ಕತೆ, ಸಂಗಾತಿ ಸತ್ತಿದ್ದಾನೆ, ಪಕ್ಕದ ಮನೆಯವರ ಮುಂದೆ ಅಳುವುದಕ್ಕೂ ಹಕ್ಕಿಲ್ಲ. ನೀವು ಒಂದೇ ಪುಸ್ತಕ ಓದುವುದಾದರೆ ಅದನ್ನು ಓದಿ. ಇವನ ಮೇಲಿನ ನನ್ನ ಸಿಟ್ಟೆಲ್ಲ ಅಲ್ಲಿ ಇಳಿದುಹೋಗುತ್ತದೆ.

ಡಾನ್ ಒಳ್ಳೆಯ ಚಿತ್ರಕಾರನಾದ. ಇಶರ್‌ವುಡ್ ಕ್ಯಾನ್ಸರ್‌ನಿಂದ ಸಾಯುತ್ತಿದ್ದಾಗ ದಿನಾ ಪಕ್ಕ ಕೂತು ಅವನ ಮುಖ ಬರೆದ. ಉಸಿರು ನಿಂತ ಮೇಲೂ ಬರೆದ. ಇವನು ಪೆನ್ನು ಕೆಳಗಿಟ್ಟಿದ್ದ, ಅವನು ಬ್ರಷ್ ಇಡಲಿಲ್ಲ.

ಕರಾವಳಿ ಕಾಫಿ

ಮೇಷ್ಟ್ರ ಮಾತು ಕೇಳಿ ಇಷ್ಟು ವರ್ಷ ಓದದೆ ಕೂತದ್ದು ನನ್ನದೇ ತಪ್ಪು ಮಾರಾಯ್ರೆ. 'ಎ ಸಿಂಗಲ್ ಮ್ಯಾನ್' ಈಗಲೇ ತರಿಸುತ್ತೇನೆ.

ಬರ್ಲಿನ್ ಬಾಳೆಹಣ್ಣು

ಮಲಗುವ ಮುಂಚೆ ಒಂದು. 'ಗುಡ್‌ಬೈ ಟು ಬರ್ಲಿನ್' ಶುರುವಿನಲ್ಲಿ ಬಾಡಿಗೆ ಕೋಣೆಯ ಮೇಜಿನ ಮೇಲಿನ ಸಾಮಾನುಗಳ ವರ್ಣನೆ ಬರುತ್ತದೆ. ಮೊಸಳೆ ತಲೆಯ ಬೂದಿಬಟ್ಟಲು, ಬಾಲದ ತುದಿಯಲ್ಲಿ ಕೆಟ್ಟ ಗಡಿಯಾರ ಎತ್ತಿ ಹಿಡಿದ ಹಿತ್ತಾಳೆಯ ಡಾಲ್ಫಿನ್. ಇಂಥ ಗಟ್ಟಿ ಸಾಮಾನುಗಳೆಲ್ಲ ಕೊನೆಗೆ ಏನಾಗುತ್ತವೆ? ಸಾವಿರಾರು ವರ್ಷ ಉಳಿಯುತ್ತವೋ, ಯುದ್ಧ ಬಂದರೆ ಮದ್ದುಗುಂಡಿಗೆ ಕರಗಿಹೋಗುತ್ತವೋ ಅಂತ ಕೇಳಿಕೊಳ್ಳುತ್ತಾರೆ.

ಯುದ್ಧ ಬಂತು, ಹೋಯಿತು, ಊರು ಅರ್ಧ ಪುಡಿಯಾಯಿತು. 1952ರಲ್ಲಿ ಇಶರ್‌ವುಡ್ ಬರ್ಲಿನ್‌ಗೆ ಬಂದಾಗ ಮನೆಯೊಡತಿ ಥೂರಾವ್ ಇನ್ನೂ ಇದ್ದರು. ಆ ಡಾಲ್ಫಿನ್ ಗಡಿಯಾರವೂ ಇತ್ತು. ನೆನಪಿಗೆ ಇಟ್ಟುಕೋ ಅಂತ ಅವರ ಕೈಗೇ ಕೊಟ್ಟು ಕಳಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಬರೆಯುವ ಮೇಜಿನ ಮೇಲೆ ಕೂತಿತು ಅದು.

ಇರುಳೋದು

ಡೈರಿ ಹೋಯಿತು, ಗಡಿಯಾರ ಉಳಿಯಿತು! ನಾನಿನ್ನೂ 1949ರಲ್ಲಿದ್ದೇನೆ ರೀ. 1952ಕ್ಕೆ ಬಂದಾಗ ಇಲ್ಲಿ ಬಂದು ಹೇಳುತ್ತೇನೆ. ಈಗ ನಿದ್ದೆ, ಬೆಳಿಗ್ಗೆ ಆರಕ್ಕೆ ನೀರು ಬಿಡುತ್ತಾರೆ.